ಕಾರೋಣನ ಮುಂದೆ, ಸೆರೆ ಸಿಕ್ಕವರ ಪರವಾಗಿ

ನಮ್ಮ ಮನೆತನದ ಮೂಲಪುರುಷನಾದ ಗುರುಕಾರೋಣ, ಈ ಸಲ ನಿನ್ನ ಮುಂದೆ ಮಳೆ ಬೇಡಲು ಬಂದಿಲ್ಲ. ಮಳೆ ಇಗ್ಗುತ್ತಪ್ಪನಿಗೆ ಬಿಟ್ಟದ್ದು. ಕಾಫಿ ರೇಟಂತೂ ಯಾವ ದೇವರ ಕೈಯಲ್ಲೂ ಇಲ್ಲ. ಬಿಟ್ಟಂಗಾಲದ ಈ ಕೈಮಡದಲ್ಲಿ, ನಿನ್ನ ಗುಡಿಯಲ್ಲಿ, ದೀಪ ಹಚ್ಚಿ ನಾನು ಕೇಳಬೇಕೆಂದಿರುವುದು ಯುದ್ಧದಲ್ಲಿ ಸೆರೆ ಸಿಕ್ಕವರ ವಿಷಯ. ಸೆರೆಯಲ್ಲಿದ್ದಾಗ ವೈರಿಯ ಮಾತಿಗೆ ತಲೆಯಾಡಿಸಿದವರು, ಅವನ ಮೈಕಿನ ಮುಂದೆ ಮಾತಾಡಿದವರು, ಅವನು ನೀಡಿದ ಕಾಗದಕ್ಕೆ ಸಹಿ ಹಾಕಿದವರು. ಅವರ ಮುಖವನ್ನೂ ಮಾತನ್ನೂ ಊರೂರಿಗೆ ಹಂಚುವ ನಮ್ಮ ವಿಷಯವೂ ಹೌದು.

ಸತ್ತವರನ್ನು ನಾವು ಚೆನ್ನಾಗಿಯೇ ನೋಡಿಕೊಳ್ಳುತ್ತೇವೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್‌ಪೂ ಹೂವು ಸಿಕ್ಕಿಸುವಾಗ ಅವರ ಹೆಸರು ಬರುತ್ತದೆ, ಮಡಿಕೇರಿಯ ವೃತ್ತಗಳಲ್ಲಿ ಅವರ ಪ್ರತಿಮೆಗೆ ಹಾರ ಬೀಳುತ್ತದೆ. ಗೆದ್ದು ಬಂದವರಿಗೆ ಮೆರವಣಿಗೆ ಉಂಟು. ಸೋತು ಸತ್ತವನಿಗೂ ಈ ನಾಡಿನಲ್ಲಿ ಜಾಗ ಉಂಟು. ಸೋತೂ ಸಾಯದೆ, ಸೆರೆಯಲ್ಲಿ ಉಂಡು ಮಲಗಿ ಎದ್ದು ಬದುಕಿ ಬಂದವನನ್ನು ಎಲ್ಲಿ ಕೂರಿಸಬೇಕೆಂದು ಮಾತ್ರ ನಮಗೆ ತೋಚುವುದಿಲ್ಲ.

ನಿನಗೆ ಇದು ಹೊಸದಲ್ಲ. 1785ರಲ್ಲಿ ಟಿಪ್ಪುವಿನ ದಂಡು ಈ ಕೊಡಗಿನಿಂದ ಹಿಡಿದೊಯ್ದವರು ಎಷ್ಟು ಮಂದಿ ಎಂಬುದರ ಮೇಲೆ ಜಗಳ ಇವತ್ತಿಗೂ ಮುಗಿದಿಲ್ಲ. ಆ ಜಗಳವನ್ನು ನಿನ್ನ ಕಟ್ಟೆಗೆ ತರುವುದಿಲ್ಲ. ಗಂಡಸರು, ಹೆಂಗಸರು, ಮಕ್ಕಳು ಶ್ರೀರಂಗಪಟ್ಟಣಕ್ಕೆ ಹೋದರು. ಅಲ್ಲಿ ಉಸಿರು ಉಳಿಯಲು ಏನು ಬೇಕೋ ಅದನ್ನು ಮಾಡಿದರು. ಮತ ಬದಲಾಯಿತು, ಹೆಸರು ಬದಲಾಯಿತು, ಕೆಲವರು ಸುಲ್ತಾನನ ಪಡೆಯಲ್ಲೇ ನಿಂತರು. 1792ರಲ್ಲಿ ಇಂಗ್ಲಿಷರು ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಆ ಗದ್ದಲದಲ್ಲಿ ತಪ್ಪಿಸಿಕೊಂಡು ಊರಿನ ದಾರಿ ಹಿಡಿದವರು ಬಹಳ. ಆಗ ಇಲ್ಲಿ ಆಳುತ್ತಿದ್ದ ದೊಡ್ಡವೀರರಾಜೇಂದ್ರನೇ ಸೆರೆಯಿಂದ ಓಡಿಬಂದವನು. 1788ರಲ್ಲಿ ಪಿರಿಯಾಪಟ್ಟಣದ ಕಾವಲು ಮುರಿದು ಬಂದವನು. ಅವನು ಕಟ್ಟಿಸಿದ ವಿರಾಜಪೇಟೆ ನಮ್ಮಿಂದ ಕೂಗಳತೆಗಿಂತ ಸ್ವಲ್ಪ ಹೆಚ್ಚು ದೂರ, ಅಷ್ಟೇ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಅವನು ಅಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮನ ಚರ್ಚು ಆ ಕಾಲದ್ದು. ಮುಸ್ಲಿಮರಾದ ಕೊಡವರಲ್ಲಿ ಅನೇಕರು ಮುಸ್ಲಿಮರಾಗಿಯೇ ಉಳಿದರು, ಆದರೆ ಒಕ್ಕದ, ಅಂದರೆ ಮನೆತನದ, ಹೆಸರನ್ನು ಬಿಡಲಿಲ್ಲ. ಇವತ್ತಿಗೂ ವಿರಾಜಪೇಟೆಯ ಸುತ್ತ ಕೊಡವ ಮಾಪಿಳ್ಳೆಗಳ ಮನೆಗಳಿಗೆ ಒಕ್ಕದ ಹೆಸರುಗಳೇ ಇವೆ. ವಾರಕ್ಕೊಮ್ಮೆ ನಾವು ಸಂತೆಗೆ ಹೋಗುವ ಪೇಟೆ ಸೆರೆಯಾಳುಗಳ ಪೇಟೆ.

ಅವರು ಬಂದಾಗ ನೀನು ಏನು ಕೇಳಿದೆ? ಅಲ್ಲಿ ಏನು ತಿಂದೆ, ಯಾರಿಗೆ ಸಲಾಮು ಹೊಡೆದೆ, ಯಾರ ಹೆಸರು ಹೇಳಿಕೊಟ್ಟೆ ಎಂದು ಮನೆಯ ನಡುಕೋಣೆಯಾದ ನೆಲ್ಲಕ್ಕಿಯಲ್ಲಿ ನಿಲ್ಲಿಸಿ ಕೇಳಿದೆಯಾ? ಕೇಳಿದ್ದರೂ ಅದು ಆ ಮನೆಯ ಗೋಡೆಯೊಳಗೆ ಉಳಿಯಿತು. ಅವರ ಸೆರೆಯ ದಿನಗಳನ್ನು ಚಿತ್ರ ತೆಗೆದು ಮನೆಮನೆಗೆ ಕಳಿಸುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. ನಮ್ಮ ಬಳಿ ಇದೆ.

1965ರ ಪಾಕಿಸ್ತಾನದ ಯುದ್ಧ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಸೆಪ್ಟೆಂಬರ್ 22, ಯುದ್ಧ ಮುಗಿಯುವ ಗಳಿಗೆಯಲ್ಲಿ ನಮ್ಮ ವಾಯುಪಡೆಯ ನಂದ ಕಾರ್ಯಪ್ಪನವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡು ಬಿತ್ತು. ಹೊರಗೆ ಹಾರಿದರು, ಬೆನ್ನುಮೂಳೆಗೆ ಏಟಾಯಿತು, ಬಿದ್ದದ್ದು ಗಡಿಯ ಆಚೆ. ಜಿನೀವಾ ಒಪ್ಪಂದದ ಪ್ರಕಾರ ಸೆರೆಯಾಳು ಹೇಳಬೇಕಾದ್ದು ಹೆಸರು, ದರ್ಜೆ, ಹುಟ್ಟಿದ ದಿನ, ಸಂಖ್ಯೆ. ಬೇರೆಯವರಿಗೆ ಅದು ಗುಟ್ಟು ಕಾಯುವ ಬಾಗಿಲು. ಇವರಿಗೆ ಹೆಸರೇ ಗುಟ್ಟನ್ನು ಬಿಟ್ಟುಕೊಟ್ಟಿತು. ಆಚೆ ಕಡೆ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ದೇಶ ಒಡೆಯುವ ಮುಂಚೆ ಇವರ ತಂದೆಯ ಕೈಕೆಳಗೆ ಕೆಲಸ ಮಾಡಿದವರು. ಜನರಲ್ ಕಾರ್ಯಪ್ಪನವರ ಮಗ ನಮ್ಮಲ್ಲಿದ್ದಾನೆ, ಕ್ಷೇಮ ಎಂದು ಪಾಕಿಸ್ತಾನ ರೇಡಿಯೋ ಸಾರಿತು. ಬೇಕಾದರೆ ಬಿಡುತ್ತೇವೆ ಎಂಬ ಸಂದೇಶ ತಂದೆಗೆ ಬಂತು. ಅಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬ ಅರ್ಥದ ಉತ್ತರ ಹೋಯಿತು. ನಂದ ಅವರು ಉಳಿದವರ ಜೊತೆಗೇ 1966ರ ಜನವರಿಯಲ್ಲಿ ಬಂದರು.

ಈ ಕಥೆಯನ್ನು ನಾವು ತ್ಯಾಗದ ಕಥೆಯಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ, ಕಾರೋಣ. ಅಯೂಬರ ಮಾತಿನಲ್ಲಿ ಕಪಟ ಇರಲಿಲ್ಲ ಎಂದೇ ಇಟ್ಟುಕೋ. ಹಳೆಯ ಅಧಿಕಾರಿಯ ಮೇಲಿನ ಗೌರವವೇ ಇದ್ದೀತು. ಆದರೂ ರೇಡಿಯೋದಲ್ಲಿ ಹೇಳಿದ ಕ್ಷಣಕ್ಕೆ ಒಬ್ಬ ಸೆರೆಯಾಳು ಉಳಿದವರಿಂದ ಬೇರೆಯಾದ. ಅವನ ಹೆಸರಿಗೆ ಬೆಲೆ ಬಂತು, ಬೆಲೆ ಬಂದದ್ದನ್ನು ಬಳಸುವ ದಾರಿ ತೆರೆಯಿತು. ಆ ತಂದೆ ತಿರಸ್ಕರಿಸಿದ್ದು ಬಿಡುಗಡೆಯನ್ನಲ್ಲ, ಆ ಬೇರೆ ಮಾಡುವುದನ್ನು. ಮಗನನ್ನು ಮತ್ತೆ ಹೆಸರಿಲ್ಲದವರ ಸಾಲಿಗೆ ಸೇರಿಸಿದರು.

ಇನ್ನೊಂದು ಸಣ್ಣ ವಿವರ ಉಂಟು. ಅಯೂಬರ ಪತ್ನಿ ಸೆರೆಯಲ್ಲಿದ್ದ ನಂದ ಅವರನ್ನು ನೋಡಲು ಬಂದು ಸಿಗರೇಟಿನ ಪೊಟ್ಟಣಗಳನ್ನೂ ವುಡ್‌ಹೌಸನ ಒಂದು ಕಾದಂಬರಿಯನ್ನೂ ಕೊಟ್ಟುಹೋದರಂತೆ. ಮನುಷ್ಯತ್ವದ ಮಾತು. ಆದರೆ ಆ ಗಳಿಗೆಯಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದಿದ್ದರೆ? ಭಾರತದ ಮೊದಲ ಮಹಾದಂಡನಾಯಕನ ಮಗ ವೈರಿಯ ಮನೆಯ ಸಿಗರೇಟು ತೆಗೆದುಕೊಂಡು ನಗುತ್ತಿರುವ ಹತ್ತು ಸೆಕೆಂಡು. ಅದು ಗೋಣಿಕೊಪ್ಪದ ಹೋಟೆಲಿನಲ್ಲಿ ಕಾಫಿ ಆರುವುದರೊಳಗೆ ತಲುಪುತ್ತಿತ್ತು. ಬೆನ್ನಿನ ನೋವು ಅದರಲ್ಲಿ ಕಾಣುತ್ತಿರಲಿಲ್ಲ. ಒಂಟಿ ಕೋಣೆಯೂ ಕಾಣುತ್ತಿರಲಿಲ್ಲ.

ಅಂಥ ಹತ್ತು ಸೆಕೆಂಡು ನಿಜವಾಗಿ ಬಂದದ್ದು 2019ರ ಫೆಬ್ರವರಿ 27ರಂದು. ನಮ್ಮ ವಾಯುಪಡೆಯ ಅಭಿನಂದನ್ ವರ್ಧಮಾನ್ ಅವರ ಮಿಗ್ ವಿಮಾನ ಗಡಿಯ ಆಚೆ ಬಿತ್ತು. ಮೊದಲು ಜನರು ಹೊಡೆಯುವ ಚಿತ್ರ ಬಂತು, ಆಮೇಲೆ ಕಣ್ಣು ಕಟ್ಟಿ ರಕ್ತ ಸುರಿಯುವ ಮುಖ, ಆಮೇಲೆ ಕೈಯಲ್ಲಿ ಟೀ ಲೋಟ. ಗಾಯಗೊಂಡವನನ್ನು ಹೀಗೆ ಪ್ರದರ್ಶನಕ್ಕಿಟ್ಟದ್ದು ಜಿನೀವಾ ಒಪ್ಪಂದಕ್ಕೆ ವಿರುದ್ಧ ಎಂದು ದೆಹಲಿ ಪ್ರತಿಭಟಿಸಿತು, ಸರಿಯಾಗಿಯೇ ಪ್ರತಿಭಟಿಸಿತು. ಅದೇ ಸಂಜೆ ನಮ್ಮ ಚಾನೆಲುಗಳು ಅದೇ ಚಿತ್ರವನ್ನು ಸುತ್ತಿ ಸುತ್ತಿ ತೋರಿಸಿದವು. ಟೀ ಚೆನ್ನಾಗಿದೆ ಎಂದದ್ದನ್ನು ಆಚೆಯವರು ಎತ್ತಿಕೊಂಡರು, ಅದನ್ನು ನಿಮಗೆ ಹೇಳುವಂತಿಲ್ಲ ಎಂದದ್ದನ್ನು ನಾವು ಎತ್ತಿಕೊಂಡೆವು. ಮಾರ್ಚ್ 1ರಂದು ಬಿಡುವ ಮುಂಚೆ ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಇನ್ನೊಂದು ವಿಡಿಯೋ ಬಂತು. ಅದರಲ್ಲಿ ಪಾಕಿಸ್ತಾನದ ಸೇನೆಗೆ ಹೊಗಳಿಕೆ, ನಮ್ಮ ಮಾಧ್ಯಮಕ್ಕೆ ಬೈಗುಳ. ಕೆಲವು ತಿಂಗಳ ಮೇಲೆ ಕರಾಚಿಯ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ಅವರ ಬೊಂಬೆ, ಪಕ್ಕದಲ್ಲಿ ಟೀ ಲೋಟ. ಈಚೆ ಕಡೆ ಸೆಲೂನುಗಳಲ್ಲಿ ಅವರ ಮೀಸೆ. ಸರ್ಕಾರ ವೀರಚಕ್ರ ಕೊಟ್ಟಿತು. ಮಧ್ಯದಲ್ಲಿ ಒಬ್ಬ ಮನುಷ್ಯ ಇದ್ದ. ಅವನಿಗೆ ಆ ಎರಡೂವರೆ ದಿನ ಹೇಗಿತ್ತು ಎಂಬುದು ಎರಡೂ ಕಡೆಯವರಿಗೆ ಅಷ್ಟು ಬೇಕಾಗಿರಲಿಲ್ಲ.

1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಸೆರೆಯಾಳನ್ನು ಹಿಂಸೆಯಿಂದ ಕಾಪಾಡುವ ಜಾಗದಲ್ಲೇ, ಅದೇ ಉಸಿರಿನಲ್ಲಿ, ಅವಮಾನದಿಂದಲೂ ಜನರ ಕುತೂಹಲದಿಂದಲೂ ಕಾಪಾಡಬೇಕು ಎನ್ನುತ್ತದೆ. ಅದನ್ನು ಬರೆದವರು ಗೆದ್ದ ಊರಿನ ಬೀದಿಗಳಲ್ಲಿ ಸೆರೆಯಾಳುಗಳನ್ನು ನಡೆಸಿದ್ದನ್ನು ಕಂಡವರು. ಆದರೆ ಆ ವಿಧಿ ಹಿಡಿದವನ ಮೇಲೆ ಮಾತ್ರ. ನೋಡುವವನಿಗೆ, ತನ್ನ ಕಡೆಯ ಸೈನಿಕನನ್ನೇ ನೋಡಿ ತೀರ್ಪು ಕೊಡುವವನಿಗೆ, ಕಾನೂನಿಲ್ಲ. ಅದಕ್ಕೇ ಕೋರ್ಟಿಗೆ ಹೋಗದೆ ನಿನ್ನ ಹತ್ತಿರ ಬಂದೆ.

ಸೆರೆಯಲ್ಲಿ ಆಡಿದ ಮಾತು ಆಡಿದವನದಲ್ಲ, ಅವನ ಅನ್ನ ಯಾರ ಕೈಯಲ್ಲಿದೆಯೋ ಅವನದು. ಅದು ನಮ್ಮ ಪರವಾಗಿದ್ದರೂ ಅಷ್ಟೇ. 1966ರಲ್ಲಿ ಉತ್ತರ ವಿಯೆಟ್ನಾಮಿನವರು ಜೆರಮಾಯಾ ಡೆಂಟನ್ ಎಂಬ ಅಮೆರಿಕದ ನೌಕಾಪಡೆಯ ಪೈಲಟನ್ನು ಕ್ಯಾಮೆರಾ ಮುಂದೆ ಕೂರಿಸಿದರು. ಊಟ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ ಎಂದು ಅವನ ಬಾಯಿ ಹೇಳುತ್ತಿತ್ತು. ದೀಪದ ಬೆಳಕಿಗೆ ಎಂಬಂತೆ ಮಿಟುಕುತ್ತಿದ್ದ ರೆಪ್ಪೆಗಳು ಮೋರ್ಸ್ ಸಂಕೇತದಲ್ಲಿ ಚಿತ್ರಹಿಂಸೆ ಎಂದು ಹೇಳುತ್ತಿದ್ದವು. ಲಕ್ಷಾಂತರ ಜನ ನೋಡಿದರು. ಆ ರೆಪ್ಪೆಗಳನ್ನು ಓದಿದವರು ನೌಕಾಪಡೆಯ ಬೇಹುಗಾರಿಕೆಯವರು. ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ವಿಡಿಯೋ ಬಂದಿದ್ದರೆ ಅವನು ದ್ರೋಹಿ ಎಂದು ಸಂಜೆಯೊಳಗೆ ತೀರ್ಮಾನವಾಗುತ್ತಿತ್ತು, ಮೋರ್ಸ್ ಬಲ್ಲ ನಿವೃತ್ತ ಸಿಗ್ನಲ್ಸ್ ಸುಬೇದಾರರು ಗುಂಪಿನಲ್ಲಿ ಇದ್ದರೂ.

ನಮ್ಮ ಮನೆಯ ದಾಖಲೆ ಇನ್ನೂ ಕಹಿ. 1962ರಲ್ಲಿ ಚೀನಾ ಸೆರೆಹಿಡಿದ ನಮ್ಮ ಸೈನಿಕರು ಸಾವಿರಗಟ್ಟಲೆ. ಚೀನೀಯರು ಅವರ ಫೋಟೋ ತೆಗೆದರು, ದೊಡ್ಡ ಅಧಿಕಾರಿಗಳನ್ನು ಬಿಡುವ ಮುಂಚೆ ಊರು ಸುತ್ತಿಸಿ ತೋರಿಸಿದರು. ಬ್ರಿಗೇಡಿಯರ್ ಜಾನ್ ದಳವಿ 1963ರ ಮೇನಲ್ಲಿ ಬಂದರು. ಆ ಯುದ್ಧದ ಮೇಲಿನ ಅವರ ಪುಸ್ತಕ ರವಿ ಬೆಳಗೆರೆಯವರ ಕೈಯಿಂದ ಕನ್ನಡಕ್ಕೆ ಬಂದು ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ತಿರುಗಿ ಬಂದವರನ್ನು ರಾಂಚಿಗೆ ಕರೆದೊಯ್ದು, ತಲೆಯಲ್ಲಿ ಏನಾದರೂ ತುಂಬಿ ಕಳಿಸಿದ್ದಾರಾ ಎಂದು ವಿಚಾರಿಸಿದರು. ಸೇನೆ ಕೇಳುವುದನ್ನು ನಾನು ತಪ್ಪೆನ್ನುವುದಿಲ್ಲ. ಗನ್ನು ಕೊಡದೆ, ಬೂಟು ಕೊಡದೆ ಹಿಮಕ್ಕೆ ಕಳಿಸಿದವರನ್ನು ಅಷ್ಟೇ ಜೋರಾಗಿ ಕೇಳಲಿಲ್ಲವಲ್ಲ, ಅದು ನುಂಗಲಾರದ್ದು.

ಈಗ ಸೇನಾನಿ ಕೊಡಂದೇರ ತಿಮ್ಮಯ್ಯನವರ ಮಾತಿಗೆ ಬರುತ್ತೇನೆ, ಕಾರೋಣ. ಕಾರ್ಯಪ್ಪನವರದೇ ಒಕ್ಕ. ಸೆರೆಯಾಳಿನ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಕೊರಿಯಾ ಯುದ್ಧ ನಿಂತಾಗ ಊರಿಗೆ ಹೋಗುವುದಿಲ್ಲ ಎಂದು ಕೂತ ಸೆರೆಯಾಳುಗಳನ್ನು ತಟಸ್ಥ ಆಯೋಗದ ವಶಕ್ಕೆ ಕೊಟ್ಟರು. ಅದರ ಅಧ್ಯಕ್ಷರಾಗಿ 1953ರಲ್ಲಿ ಹೋದವರು ಈ ಮಡಿಕೇರಿಯವರು. ದಕ್ಷಿಣದ ಕಡೆಯ ಪಡೆಗಳು ಹಿಡಿದ ಚೀನೀಯರು ಮತ್ತು ಉತ್ತರ ಕೊರಿಯಾದವರು 22,000ಕ್ಕೂ ಹೆಚ್ಚು. ಉತ್ತರದವರು ಹಿಡಿದವರು 359, ಅವರಲ್ಲಿ ಅಮೆರಿಕದವರು 23, ಬ್ರಿಟಿಷನು ಒಬ್ಬ. ಪ್ರತಿಯೊಬ್ಬನನ್ನು ಡೇರೆಗೆ ಕರೆತರಬೇಕು, ಅವನ ದೇಶದವರು ಬಾ ಮನೆಗೆ ಎಂದು ಹೇಳಬೇಕು, ಅವನು ಕೇಳಿ ಎರಡು ಬಾಗಿಲಲ್ಲಿ ಒಂದನ್ನು ಹಿಡಿಯಬೇಕು. ಎರಡೂ ಕಡೆಯ ಪತ್ರಕರ್ತರು ನೋಡಬಹುದು. ಜಗತ್ತಿಗೆ ಅಷ್ಟೂ ಜನರ ಮನಸ್ಸು ಪತ್ರಿಕೆಯ ತಲೆಬರಹವಾಗಿತ್ತು.

ಆ ಚೀನೀಯರಲ್ಲಿ ಅನೇಕರ ಮೈಮೇಲೆ ಕಮ್ಯುನಿಸ್ಟರ ವಿರುದ್ಧದ ಘೋಷಣೆಗಳ ಹಚ್ಚೆ ಇತ್ತು. ಕೆಲವರು ತಾವಾಗಿ ಹಾಕಿಸಿಕೊಂಡದ್ದು, ಕೆಲವರಿಗೆ ಶಿಬಿರದ ಜೊತೆಗಾರರೇ ಹಿಡಿದು ಚುಚ್ಚಿದ್ದು. ಚರ್ಮದ ಮೇಲೆ ಅದನ್ನು ಹೊತ್ತವನು ಯಾವ ಮುಖದಿಂದ ಊರಿಗೆ ಹೋದಾನು? ಪ್ರಚಾರಕ್ಕೆ ಇದಕ್ಕಿಂತ ಗಟ್ಟಿ ಕಾಗದ ಸಿಗದು. ತಿಮ್ಮಯ್ಯನವರು ಬಲವಂತಕ್ಕೆ ಒಪ್ಪಲಿಲ್ಲ, ಈ ಕಡೆಯವರಿಗೂ ಆ ಕಡೆಯವರಿಗೂ ಬೇಡವಾದರು. ಡೇರೆಗೆ ಬಾರದೆಯೇ ಉಳಿದವರು ಸಾವಿರಾರು. ಕೊನೆಗೆ 1954ರ ಜನವರಿಯಲ್ಲಿ ಉಳಿದವರನ್ನು ಮೊದಲು ಹಿಡಿದವರಿಗೇ ಒಪ್ಪಿಸಿದರು. ಎರಡೂ ಬೇಡ ಎಂದ ಎಂಬತ್ತಕ್ಕೂ ಹೆಚ್ಚು ಮಂದಿ ನಮ್ಮ ಪಡೆಯ ಜೊತೆ ಭಾರತಕ್ಕೆ ಬಂದರು. ಆ ಕಥೆಯಲ್ಲಿ ನನಗೆ ಹೆಚ್ಚು ಇಷ್ಟ ಅವರೇ. ಯಾವ ಕಡೆಯ ಪತ್ರಿಕೆಗೂ ಅವರು ಪ್ರಯೋಜನಕ್ಕೆ ಬರಲಿಲ್ಲ.

ಅಮೆರಿಕದ ಆ 23 ಮಂದಿಯ ಗತಿ ಕೇಳು. ಹೆಸರು, ಊರು, ತಾಯಿಯ ಫೋಟೋ ಸಮೇತ ಪತ್ರಿಕೆಗಳಲ್ಲಿ ಬಂತು. ಒಬ್ಬನ ತಾಯಿ ಮಗನ ಮನಸ್ಸು ತಿರುಗಿಸಲು ಟೋಕಿಯೋವರೆಗೆ ಹೋದಳು, ಮುಂದೆ ಬಿಡಲಿಲ್ಲ. ಇಬ್ಬರು ಮನಸ್ಸು ಬದಲಿಸಿ ಬೇಗ ಮರಳಿದರು. ಅವರನ್ನು ಕೋರ್ಟ್ ಮಾರ್ಷಲ್ ಮಾಡಿ ಸೆರೆಗೆ ಹಾಕಿದರು. ಉಳಿದ 21 ಮಂದಿಯನ್ನು ಕೋಪದಲ್ಲಿ ಸೇನೆಯಿಂದ ಅಗೌರವದಿಂದ ವಜಾ ಮಾಡಿದ್ದರು. ಅವರಲ್ಲಿ ಮೂವರು 1955ರಲ್ಲಿ ಬಂದಾಗ, ವಜಾ ಆದವನ ಮೇಲೆ ಸೇನಾ ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂದಾಗಿ ಬಿಡಬೇಕಾಯಿತು. ಬೇಗ ಬಂದವನಿಗೆ ಜೈಲು, ತಡವಾಗಿ ಬಂದವನಿಗೆ ಬಿಡುಗಡೆ. ಜನರ ಸಿಟ್ಟಿನ ಬಿಸಿಯಲ್ಲಿ ನ್ಯಾಯ ಬೇಯಿಸಿದರೆ ಹೀಗೆಯೇ ಒಂದು ಬದಿ ಸೀದು ಇನ್ನೊಂದು ಬದಿ ಹಸಿಯಾಗಿ ಉಳಿಯುತ್ತದೆ.

ಹಾಗಾದರೆ ಸೆರೆಯಲ್ಲಿ ಏನು ಮಾಡಿದರೂ ಸರಿಯಾ ಎಂದು ನೀನು ಕೇಳುತ್ತೀಯ. ಇಲ್ಲ. ಜೊತೆಯವನ ಹೆಸರು ಹೇಳಿ ಹೊಡೆಸಿದವನು, ಒಂದು ಬಟ್ಟಲು ಹೆಚ್ಚು ಅನ್ನಕ್ಕೆ ಪಕ್ಕದವನ ಓಡುವ ಉಪಾಯವನ್ನು ಒಪ್ಪಿಸಿದವನು ಉತ್ತರ ಹೇಳಲೇಬೇಕು. ಅವನ ಮುಂದೆ ಕೂರಬೇಕಾದವರು ಆ ಶಿಬಿರದಲ್ಲಿ ಜೊತೆಗಿದ್ದವರು, ಸಾಕ್ಷಿ ಕೇಳಿ ತೂಗಬಲ್ಲವರು. ಬಾಗಿಲು ಮುಚ್ಚಿಕೊಂಡು ಕೂತರೂ ಅದು ನ್ಯಾಯವೇ. ಕ್ಯಾಮೆರಾ ಮುಂದೆ ಎರಡು ವಾಕ್ಯ ಓದಿದವನದು ಆ ಜಾತಿಯ ತಪ್ಪಲ್ಲ. ಅವನು ಕಳೆದುಕೊಂಡದ್ದು ತನ್ನ ಮಾನವನ್ನು, ಇನ್ನೊಬ್ಬನ ಬೆನ್ನನ್ನಲ್ಲ.

ಇನ್ನೊಂದು ಮಾತು ನನ್ನನ್ನೇ ತಡೆಯುತ್ತದೆ. ಚಿತ್ರ ಹೊರಬಂದದ್ದರಿಂದಲೇ ಕೆಲವರ ಜೀವ ಉಳಿದೀತು. ಜಗತ್ತು ಕಂಡವನನ್ನು ಕಾಣೆಯಾಗಿಸುವುದು ಕಷ್ಟ. 1965ರ ಅದೇ ಸೆಪ್ಟೆಂಬರಿನ 7ರಂದು ಅಜ್ಜಮಾಡ ದೇವಯ್ಯನವರು ಸರ್ಗೋಧಾ ದಾಳಿಗೆ ಹೋದವರು ಬರಲಿಲ್ಲ. ಯಾವ ರೇಡಿಯೋವೂ ಅವರ ಹೆಸರು ಹೇಳಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರನ್ನು ಎದುರಿಸಿ ಬೀಳಿಸಿದ್ದರು ಎಂಬುದು ಹೊರಬಂದದ್ದು ಎಷ್ಟೋ ವರ್ಷಗಳ ಮೇಲೆ, ಆಚೆ ಕಡೆಯ ಸಾಕ್ಷಿಯ ಮೇಲೆ ಬರೆದ ಒಬ್ಬ ಇಂಗ್ಲಿಷ್ ಲೇಖಕನಿಂದ. ಮಹಾವೀರಚಕ್ರ ಬಂದದ್ದು 1988ರಲ್ಲಿ. ಒಂದೇ ತಿಂಗಳಲ್ಲಿ ಒಬ್ಬ ಕೊಡವನ ಹೆಸರು ಗಾಳಿಯಲ್ಲಿ ಹಾರಿಬಂತು, ಇನ್ನೊಬ್ಬನ ಮನೆ ಎರಡು ದಶಕ ಕಾಯಿತು. 1971ರ ಪಾಕಿಸ್ತಾನದ ಯುದ್ಧದಿಂದ ಕಾಣೆಯಾದ ನಮ್ಮ 54 ಸೈನಿಕರ ಮನೆಯವರು ಇವತ್ತಿಗೂ ಎದೆಗವಚಿಕೊಂಡಿರುವ ಸಾಕ್ಷಿಗಳಲ್ಲಿ ಒಂದು, ಆ ಡಿಸೆಂಬರಿನ ಟೈಮ್ ಪತ್ರಿಕೆಯಲ್ಲಿ ಬಂದ, ಕಂಬಿಯ ಹಿಂದಿನ ಒಂದು ಮುಖ. ಆ ಫೋಟೋ ಅಚ್ಚಾಗಬಾರದಿತ್ತು ಎಂದು ಅವರ ಎದುರು ಹೇಳಲು ನನಗೆ ನಾಲಗೆ ಬರುವುದಿಲ್ಲ.

ಆದರೂ ಮನೆಗೆ ಬೇಕಾದ್ದು ಇವನು ಬದುಕಿದ್ದಾನೆ ಎಂಬ ಒಂದು ಮಾತು. ಅದಕ್ಕೆ ಟೀ ಲೋಟ ಬೇಡ, ಭಾಷಣ ಬೇಡ. ಜಿನೀವಾ ಒಪ್ಪಂದದಲ್ಲೇ ಅದಕ್ಕೊಂದು ಕಾರ್ಡು ಇದೆ: ಶಿಬಿರಕ್ಕೆ ಬಂದ ಒಂದು ವಾರದೊಳಗೆ ಸೆರೆಯಾಳು ಮನೆಗೂ, ಸೆರೆಯಾಳುಗಳ ಕೇಂದ್ರ ಸಂಸ್ಥೆಗೂ ತನ್ನ ಸೆರೆ, ವಿಳಾಸ, ಆರೋಗ್ಯ ತಿಳಿಸುವ ಕಾರ್ಡು. ಆ ಕಾರ್ಡು ನಡೆಯುವಂತೆ ಮಾಡು, ಕಾರೋಣ. ಉಕ್ರೇನಿನ ಯುದ್ಧದಲ್ಲಿ ಸೆರೆಯಾಳುಗಳನ್ನು ಕ್ಯಾಮೆರಾ ಮುಂದೆ ಕೂರಿಸಿ ತಾಯಿಗೆ ಫೋನು ಮಾಡಿಸಿ, ಅಳುವುದನ್ನು ತೋರಿಸಿದ್ದಾರೆ. ತಾಯಿಗೆ ಸುದ್ದಿ ಮುಟ್ಟುತ್ತದೆ, ನಿಜ. ಆ ತಾಯಿಯ ಅಳು ಯಾರಿಗೆ ಬೇಕಿತ್ತು?

ಬಿಟ್ಟಂಗಾಲದಲ್ಲೂ, ಅಮ್ಮತ್ತಿಯಲ್ಲೂ, ಬಾಳುಗೋಡಿನಲ್ಲೂ ಹುಡುಗರು ಇನ್ನೂ ಸೇನೆಗೆ ಹೋಗುತ್ತಾರೆ. ಅವರಲ್ಲಿ ಯಾರಾದರೂ ಸೆರೆ ಸಿಕ್ಕಿ, ಅಲ್ಲಿ ಏನೋ ಓದಿ, ಏನೋ ಒಪ್ಪಿ ಬಂದರೆ, ಅವನನ್ನು ಮೆರವಣಿಗೆಗೂ ಎಳೆಯಬೇಡಿ, ವಿಚಾರಣೆಗೂ ಎಳೆಯಬೇಡಿ ಎಂದು ನಮ್ಮ ನಾಲಗೆಗೆ ಬುದ್ಧಿ ಕೊಡು. ಅವನು ಓದಿದ್ದನ್ನು ಎರಡನೇ ಸಲ ಯಾರೂ ಅವನಿಗೆ ಕೇಳಿಸದಿರಲಿ. ಅವನ ಹೆಂಡತಿ ಮಕ್ಕಳ ಶಾಲೆಯ ಮೀಟಿಂಗಿಗೆ ಹೋದಾಗ ಯಾರೂ ಫೋನು ತೆಗೆದು ತೋರಿಸದಿರಲಿ.

ಕೊನೆಗೆ ನನಗೇ ಬಗೆಹರಿಯದ ಒಂದು ಗಂಟು ಉಂಟು. ಸೆರೆಯಲ್ಲಿ ವೈರಿಯ ಜೊತೆ ಕೂಡಿದವರನ್ನು ನಾವು ಒಮ್ಮೆ ಹೂ ಹಾಕಿ ಕರೆದಿದ್ದೇವೆ. 1942ರಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಕೈಗೆ ಸಿಕ್ಕ ಭಾರತೀಯ ಸೈನಿಕರಲ್ಲಿ ಸಾವಿರಾರು ಮಂದಿ ಆಜಾದ್ ಹಿಂದ್ ಫೌಜಿಗೆ ಸೇರಿದರು. ಮಾಡಿದ ಪ್ರಮಾಣ ಮುರಿಯುವುದಿಲ್ಲ ಎಂದವರನ್ನು ನ್ಯೂಗಿನಿಯ ಕಾಡುಗಳಿಗೆ ಕೂಲಿಗೆ ಸಾಗಿಸಿದರು. ಅವರಲ್ಲಿ ತಿರುಗಿ ಬಂದವರು ಕಡಿಮೆ, ಅವರ ಮೇಲೆ ಹಾಡೂ ಇಲ್ಲ. 1945ರ ನವೆಂಬರಿನಲ್ಲಿ ಬ್ರಿಟಿಷರು ಕೆಂಪುಕೋಟೆಯಲ್ಲಿ ಸೆಹಗಲ್, ಧಿಲ್ಲೋನ್, ಷಾನವಾಜ್ ಮೂವರ ವಿಚಾರಣೆಯನ್ನು ಎಲ್ಲರೂ ನೋಡಲೆಂದೇ ಬಹಿರಂಗವಾಗಿ ನಡೆಸಿದರು. ದ್ರೋಹಿಗಳೆಂದು ತೋರಿಸಲು ಹೋಗಿ ವೀರರನ್ನು ಮಾಡಿಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಕಾರ್ಯಪ್ಪನವರು ಆ ಫೌಜಿನವರನ್ನು ಸೇನೆಗೆ ಮರಳಿ ತೆಗೆದುಕೊಳ್ಳಲು ಒಪ್ಪಲಿಲ್ಲ. ಪ್ರಮಾಣ ಪ್ರಮಾಣವೇ ಎಂಬುದು ಅವರ ಮಾತು. ಅವರು ತಪ್ಪೆನ್ನಲು ನನಗೆ ಆಗುವುದಿಲ್ಲ, ಫೌಜಿನವರು ತಪ್ಪೆನ್ನಲೂ ಆಗುವುದಿಲ್ಲ.

ಕೊಡಂದೇರದ ತಿಮ್ಮಯ್ಯನವರ ಮನೆಯಲ್ಲೇ ಮೂವರು ಅಣ್ಣತಮ್ಮಂದಿರು ಸೇನೆಗೆ ಹೋದವರು. ತಿಮ್ಮಯ್ಯನವರು ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿ ಹೆಸರು ಗಳಿಸಿದರು. ಅಣ್ಣ ಪೊನ್ನಪ್ಪನವರು ಸುಭಾಷರ ಫೌಜಿನಲ್ಲಿದ್ದರು. ತಮ್ಮ ಸೋಮಯ್ಯನವರು ಮುಂದೆ ಕಾಶ್ಮೀರದಲ್ಲಿ ನೆಲಬಾಂಬು ಸಿಡಿದು ತೀರಿಕೊಂಡರು. ತಿಮ್ಮಯ್ಯನವರ ಪ್ರತಿಮೆ ಮಡಿಕೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಪೊನ್ನಪ್ಪನವರ ಹೆಸರು ಹೇಳಿದರೆ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತಾದೀತು? ಆ ಒಕ್ಕದ ಕಾರೋಣನ ಜೊತೆ ನಿನಗೆ ಮಾತುಕತೆ ಇದ್ದೀತು. ಆ ಮೂವರನ್ನೂ ಅವನು ಹೇಗೆ ಕೂರಿಸಿದ್ದಾನೆ, ಪೊನ್ನಪ್ಪನವರನ್ನು ಏನಾದರೂ ಕೇಳಿದನಾ ಎಂದು ವಿಚಾರಿಸಿ ನನಗೆ ತಿಳಿಸು.